ಸಾಲದ ಮಾತು ಬರಹದಲ್ಲಿರಲಿ
(ಭಾಷಾಭ್ಯಾಸ: ವ್ಯವಹಾರದ ಪದಗಳು ಮತ್ತು ಪತ್ರಲೇಖನ)



ಸಾಲದ ಬಗ್ಗೆ ಸರ್ವಜ್ಞನ ತ್ರಿಪದಿ ನಮ್ಮಲ್ಲಿ ಬಹುಮಂದಿಗೆ ಬಾಯಿಪಾಠವಾಗಿದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯೂ ಮಕ್ಕಳಿಗೆ ಗೊತ್ತು. ಇವೆಲ್ಲ ಸಾಲ ಮಾಡುವ ಮುನ್ನ ಹೇಳುವ ಬುದ್ಧಿಮಾತುಗಳು. ಆದರೆ ಸಾಲ ಆಗಿಹೋಗಿದೆ, ವಾಯಿದೆ ಹತ್ತಿರ ಬಂದಿದೆ, ಕೈಯಲ್ಲಿ ಹಣವಿಲ್ಲ ಎಂದಾಗ ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ಪಠ್ಯಪುಸ್ತಕದಲ್ಲಿ ಪಾಠವಿಲ್ಲ. ಮನೆಯಲ್ಲಿಯೂ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪ ಫೋನು ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ, ಅಷ್ಟೆ.

ಈ ವರ್ಷದ ಸಂಚಿಕೆಯಲ್ಲಿ ನಾವು ಈ ವಿಷಯವನ್ನೇ ಭಾಷಾಪಾಠವಾಗಿ ಆರಿಸಿಕೊಂಡಿದ್ದೇವೆ. ಭಾಷೆಗೂ ಸಾಲಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಾಲದ ತೊಂದರೆಯಲ್ಲಿ ಅರ್ಧಭಾಗ ಹಣದ್ದು, ಉಳಿದರ್ಧ ಮಾತಿನದು. ಓದದೆ ಒಪ್ಪಿದ ಕರಾರು, ಅರ್ಥವಾಗದ ಪದ, ಫೋನಿನಲ್ಲಿ ಕೊಟ್ಟ ಭರವಸೆ, ಬೆದರಿಕೆಯ ಮೆಸೇಜು, ಇವೆಲ್ಲವೂ ಮಾತೇ. ಇವುಗಳಿಗೆ ಉತ್ತರವೂ ಮಾತಿನಿಂದಲೇ, ಅದರಲ್ಲೂ ಬರೆದ ಮಾತಿನಿಂದಲೇ ಬರಬೇಕು.

1. ಅಪ್ಪರ್ ಹಿಲ್‌ನಿಂದ ಒಂದು ನೋಟ

ನೈರೋಬಿಯ ಅಪ್ಪರ್ ಹಿಲ್ ಎಂದರೆ ಇಂದು ಬ್ಯಾಂಕುಗಳ ಗುಡ್ಡ. ಈಕ್ವಿಟಿ, ಎನ್.ಸಿ.ಬಿ.ಎ. ಬ್ಯಾಂಕುಗಳ ಮುಖ್ಯ ಕಚೇರಿಗಳು ಇಲ್ಲಿವೆ. ಬ್ರಿಟಾಮ್ ಟವರ್, ಯು.ಎ.ಪಿ. ಓಲ್ಡ್ ಮ್ಯೂಚುಯಲ್ ಟವರ್ ದೂರದಿಂದಲೇ ಕಾಣುತ್ತವೆ. 1899ರಲ್ಲಿ ರೈಲು ನೈರೋಬಿಗೆ ಬಂದ ಮೇಲೆ ಈ ಗುಡ್ಡದ ಮೇಲೆ ರೈಲ್ವೆ ಅಧಿಕಾರಿಗಳ ಮನೆಗಳಿದ್ದವು. ಆ ರೈಲುಹಾದಿಯನ್ನು ಕಟ್ಟಿದವರಲ್ಲಿ ಭಾರತದಿಂದ ಬಂದ ಕೂಲಿಕಾರರು ಸಾವಿರಾರು ಮಂದಿ. ಅವರ ಹಿಂದೆಯೇ ನಮ್ಮವರ ಅಂಗಡಿಗಳೂ ಬಂದವು. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ' ಎನ್ನುತ್ತಾರೆ. ಅದು ನಮ್ಮ 'ದುಕಾನು' ಎಂಬ ಪದದ ನೆಂಟ. ಅಂಗಡಿಯವರು ಪರಿಚಯದ ಗಿರಾಕಿಗೆ ಉದ್ದರಿ ಕೊಟ್ಟು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದು ಅಲ್ಲೂ ಇತ್ತು, ಇಲ್ಲೂ ಇತ್ತು. ಅಲ್ಲಿ ಕೊಡುವವನ ಮುಖ ತೆಗೆದುಕೊಳ್ಳುವವನಿಗೆ ಗೊತ್ತಿರುತ್ತಿತ್ತು.

2007ರ ಮಾರ್ಚ್‌ನಲ್ಲಿ ಎಂ-ಪೆಸಾ ಬಂತು. 'ಪೆಸಾ' ಎಂದರೆ ನಮ್ಮ 'ಪೈಸೆ'ಯೇ. 2012ರಲ್ಲಿ ಎಂ-ಶ್ವಾರಿ ಬಂದಾಗ ಬ್ಯಾಂಕಿಗೆ ಹೋಗದೆ ಫೋನಿನಲ್ಲಿಯೇ ಸಾಲ ಸಿಗತೊಡಗಿತು. ಆಮೇಲೆ ನೂರಾರು ಲೋನ್ ಆಪ್‌ಗಳು ಹುಟ್ಟಿಕೊಂಡವು. ಸಂಬಳ ಬರುವ ತನಕ ಹದಿನೈದು ದಿನಕ್ಕೋ ಒಂದು ತಿಂಗಳಿಗೋ ಸಾಲ, ಎರಡು ನಿಮಿಷದಲ್ಲಿ ಹಣ, ಜಾಮೀನು ಬೇಡ. ಜನವರಿಯಲ್ಲಿ ಶಾಲೆಯ ಫೀಸು ಕಟ್ಟಬೇಕಾದಾಗ, ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಸೇರಿದಾಗ ಇದು ಅನುಕೂಲವಾಗುವುದು ನಿಜ. ಆದರೆ ಈಗ ಕೊಡುವವನ ಮುಖ ತೆಗೆದುಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ನಾವು ಕೇಳಬೇಕಾದ ಮೊದಲ ಪ್ರಶ್ನೆ "ಬಡ್ಡಿ ಎಷ್ಟು?" ಎಂಬುದಲ್ಲ. "ನೀವು ಯಾರು?" ಎಂಬುದು.

2. ಪದಗಳ ಪರಿಚಯ

ಸಾಲದ ಕಾಗದ ಓದಲು ಕೆಲವು ಪದಗಳು ಖಚಿತವಾಗಿ ಗೊತ್ತಿರಬೇಕು.

ಅಸಲು: ನಮ್ಮ ಕೈಗೆ ಬಂದ ಮೂಲ ಹಣ.
ಬಡ್ಡಿ: ಹಣವನ್ನು ಬಳಸಿಕೊಂಡದ್ದಕ್ಕೆ ಕೊಡುವ ಬೆಲೆ. ಆಪ್‌ಗಳು ಇದನ್ನು 'ಶುಲ್ಕ', 'ಸೇವಾ ವೆಚ್ಚ' ಎಂದೂ ಕರೆಯುತ್ತವೆ. ಹೆಸರು ಯಾವುದಾದರೂ ಜೇಬಿನಿಂದ ಹೋಗುವ ಹಣ ಒಂದೇ.
ಚಕ್ರಬಡ್ಡಿ: ಬಡ್ಡಿಯ ಮೇಲೆ ಬೀಳುವ ಬಡ್ಡಿ.
ವಾಯಿದೆ: ಹಣ ಹಿಂದಿರುಗಿಸಬೇಕಾದ ಗಡುವು.
ಕಂತು: ಸಾಲವನ್ನು ಭಾಗಮಾಡಿ ಕಟ್ಟುವಾಗ ಒಂದೊಂದು ಭಾಗ.
ಬಾಕಿ: ಇನ್ನೂ ಕೊಡಬೇಕಾದದ್ದು. ಸ್ವಾಹಿಲಿಯಲ್ಲಿಯೂ 'ಬಾಕಿ' ಎಂದರೆ ಉಳಿದದ್ದು.
ಜಾಮೀನು: ಮತ್ತೊಬ್ಬರ ಸಾಲಕ್ಕೆ ಹೊಣೆ ನಿಲ್ಲುವುದು. ಸ್ವಾಹಿಲಿಯ 'ಧಮಾನಾ' ಮತ್ತು ನಮ್ಮ 'ಜಾಮೀನು' ಒಂದೇ ಅರಬ್ಬಿ ಬೇರಿನಿಂದ ಬಂದವು.
ಚುಕ್ತಾ: ಪೂರ್ತಿ ತೀರಿತು ಎಂಬ ಮಾತು.
ಪರವಾನಗಿ: ವ್ಯವಹಾರ ಮಾಡಲು ಸರ್ಕಾರಿ ಸಂಸ್ಥೆ ಕೊಡುವ ಅನುಮತಿ. ಇಲ್ಲಿಯವರು ಇದನ್ನು 'ಲೆಸೆನಿ' ಎನ್ನುತ್ತಾರೆ.

ನೈರೋಬಿಯಲ್ಲಿ ಖಾಸಗಿಯಾಗಿ ಬಡ್ಡಿಗೆ ಹಣ ಕೊಡುವವರನ್ನು 'ಶೈಲಾಕ್' ಎಂದು ಕರೆಯುವ ರೂಢಿ ಇದೆ. ಶೇಕ್ಸ್‌ಪಿಯರನ 'ವೆನಿಸಿನ ವರ್ತಕ' ನಾಟಕದ ಯಹೂದಿ ಪಾತ್ರದ ಹೆಸರದು. ಒಂದು ಜನಾಂಗವನ್ನೇ ಹೀಗಳೆಯಲು ಆ ಹೆಸರನ್ನು ಬಳಸಿದ ಚರಿತ್ರೆ ಇರುವುದರಿಂದ, ಮಕ್ಕಳು 'ಲೇವಾದೇವಿಗಾರ' ಎಂಬ ನಮ್ಮ ಪದವನ್ನೇ ಬಳಸುವುದು ಮೇಲು.

3. ಪರವಾನಗಿ ಇದೆಯೇ?

ಬಹಳ ಕಾಲ ಕೆನ್ಯಾದಲ್ಲಿ ಲೋನ್ ಆಪ್‌ಗಳನ್ನು ಕೇಳುವವರೇ ಇರಲಿಲ್ಲ. 2021ರ ಡಿಸೆಂಬರ್ 7ರಂದು ಸೆಂಟ್ರಲ್ ಬ್ಯಾಂಕ್ ಆಫ್ ಕೆನ್ಯಾದ ಕಾಯಿದೆಗೆ ತಿದ್ದುಪಡಿಯಾಯಿತು. 2022ರ ಮಾರ್ಚ್ 18ರಂದು ಡಿಜಿಟಲ್ ಸಾಲದಾತರ ನಿಯಮಗಳು ಪ್ರಕಟವಾದವು. ಆ ವರ್ಷದ ಸೆಪ್ಟೆಂಬರ್ 17ರ ಒಳಗೆ ಎಲ್ಲರೂ ಪರವಾನಗಿಗೆ ಅರ್ಜಿ ಹಾಕಬೇಕೆಂದು ಗಡುವು ಕೊಡಲಾಯಿತು. ಮೊದಲ ಸುತ್ತಿನಲ್ಲಿ ಪರವಾನಗಿ ದೊರೆತದ್ದು ಕೇವಲ 10 ಕಂಪನಿಗಳಿಗೆ. 2025ರ ಜೂನ್ ವೇಳೆಗೆ ಆ ಸಂಖ್ಯೆ 126ಕ್ಕೆ ಏರಿತ್ತು, ಆಮೇಲೂ ಬೆಳೆದಿದೆ. ಆದ್ದರಿಂದ ಹಳೆಯ ಪಟ್ಟಿಯನ್ನು ಯಾರೋ ಕಳುಹಿಸಿದರು ಎಂದು ನಂಬಬಾರದು. ಸೆಂಟ್ರಲ್ ಬ್ಯಾಂಕಿನ ಜಾಲತಾಣದಲ್ಲಿ ಆ ದಿನ ಇರುವ ಪಟ್ಟಿಯನ್ನೇ ನೋಡಬೇಕು.

ನೋಡುವ ಕ್ರಮ ಹೀಗೆ:

ಮೊದಲನೆಯದು, ಕಂಪನಿಯ ಪೂರ್ಣ ಹೆಸರನ್ನು ಹುಡುಕಿರಿ. ಆಪಿನ ಹೆಸರು ಬೇರೆ, ಕಂಪನಿಯ ಹೆಸರು ಬೇರೆ ಇರಬಹುದು. ಒಂದೇ ಕಂಪನಿ ಎರಡು ಮೂರು ಆಪ್ ನಡೆಸುವುದೂ ಉಂಟು. ಪಟ್ಟಿಯಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಕಂಪನಿಯ ಹೆಸರನ್ನು. ಅದು ಕರಾರಿನ ಮೊದಲ ಪುಟದಲ್ಲಿ ಅಥವಾ 'ನಿಯಮ ಮತ್ತು ಷರತ್ತು' ಎಂಬಲ್ಲಿ ಸಿಗುತ್ತದೆ. ಅಲ್ಲಿಯೂ ಹೆಸರಿಲ್ಲದಿದ್ದರೆ ಆ ಆಪನ್ನು ಅಲ್ಲಿಗೇ ಬಿಡುವುದು ಕ್ಷೇಮ.

ಎರಡನೆಯದು, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿರಿ. ಮೋಸಗಾರರು ಹೆಸರುವಾಸಿ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿ ಬಳಸುತ್ತಾರೆ. ಕಾಗುಣಿತ ಸರಿಯಾಗಿ ನೋಡಿ ಎಂದು ತರಗತಿಯಲ್ಲಿ ನಾವು ಹೇಳುವುದು ಅಂಕಗಳಿಗಾಗಿ ಮಾತ್ರವಲ್ಲ.

ಮೂರನೆಯದು, ಸಂಸ್ಥೆ ಯಾವ ಬಗೆಯದು ಎಂದು ತಿಳಿದುಕೊಳ್ಳಿರಿ. ಬ್ಯಾಂಕುಗಳಿಗೆ ಸೆಂಟ್ರಲ್ ಬ್ಯಾಂಕಿನಲ್ಲಿ ಬೇರೆ ಪಟ್ಟಿ ಇದೆ. ಠೇವಣಿ ಪಡೆಯುವ ಸಾಕ್ಕೋ ಸಹಕಾರ ಸಂಘಗಳಿಗೆ 'ಸಾಸ್ರಾ' ಎಂಬ ಪ್ರಾಧಿಕಾರ ಪರವಾನಗಿ ಕೊಡುತ್ತದೆ.

ನಾಲ್ಕನೆಯದು, ಸಾಲ ಕೊಡುವ ಮೊದಲೇ ಹಣ ಕೇಳಿದರೆ ಎಚ್ಚರ. "ನೋಂದಣಿಗೆ 500 ಕಳುಹಿಸಿ, 20,000 ಕೊಡುತ್ತೇವೆ" ಎನ್ನುವವರು ಸಾಲ ಕೊಡುವವರಲ್ಲ. 2022ರ ನಿಯಮಗಳ ಪ್ರಕಾರ ಡಿಜಿಟಲ್ ಸಾಲದಾತರು ಗಿರಾಕಿಯಿಂದ ಠೇವಣಿ ಪಡೆಯುವಂತಿಲ್ಲ, ನಗದು ಹಣವನ್ನು ಭದ್ರತೆಯಾಗಿ ಇಟ್ಟುಕೊಳ್ಳುವಂತೆಯೂ ಇಲ್ಲ.

ಐದನೆಯದು, ಆಪು ಏನೇನು ಕೇಳುತ್ತದೆ ನೋಡಿರಿ. ಫೋನಿನಲ್ಲಿರುವ ನಂಬರುಗಳನ್ನೂ ಫೋಟೋಗಳನ್ನೂ ನೋಡಲು ಅನುಮತಿ ಕೇಳಿದರೆ ಕೊಡಬೇಡಿರಿ. ಗೂಗಲ್ ಪ್ಲೇ ಸ್ಟೋರ್ ಕೂಡ 2023ರಿಂದ ಸಾಲದ ಆಪ್‌ಗಳಿಗೆ ಇದನ್ನು ನಿಷೇಧಿಸಿದೆ. ವಾಟ್ಸಾಪ್‌ನಲ್ಲಿ ಕೊಂಡಿ ಕಳುಹಿಸಿ "ಇಲ್ಲಿಂದ ಹಾಕಿಕೊಳ್ಳಿ" ಎನ್ನುವ ಆಪ್‌ಗಳು ಈ ತಡೆಯನ್ನು ದಾಟಿ ಬಂದಿರುತ್ತವೆ.

4. ಒಂದು ಸಣ್ಣ ಲೆಕ್ಕ

ಲೆಕ್ಕಕ್ಕೆ ಸ್ವಾಹಿಲಿಯಲ್ಲಿ 'ಹೆಸಾಬು', ನಮ್ಮಲ್ಲಿ 'ಹಿಸಾಬು'. ಮಕ್ಕಳೇ, ಪೆನ್ಸಿಲು ತೆಗೆದುಕೊಳ್ಳಿ.

ಒಬ್ಬರು 30 ದಿನಕ್ಕೆ 10,000 ಶಿಲ್ಲಿಂಗ್ ಸಾಲ ಪಡೆದರು. ಶುಲ್ಕ ಶೇಕಡಾ 15. ವಾಯಿದೆಯ ದಿನ ಕೊಡಬೇಕಾದದ್ದು 11,500. ಕೇಳಲು ದೊಡ್ಡದೇನಲ್ಲ. ಆದರೆ ಆ ದಿನ ಹಣವಿಲ್ಲದೆ ಮತ್ತೊಂದು ಆಪಿನಿಂದ ಅದೇ ದರದಲ್ಲಿ 11,500 ತೆಗೆದು ಮೊದಲನೆಯದನ್ನು ತೀರಿಸಿದರೆ ಮುಂದಿನ ತಿಂಗಳು 13,225 ಆಗುತ್ತದೆ. ಹೀಗೆಯೇ ಹನ್ನೆರಡು ತಿಂಗಳು ಸಾಗಿದರೆ ಸುಮಾರು 53,500! ಕೈಗೆ ಬಂದದ್ದು ಮೊದಲ ತಿಂಗಳ 10,000 ಮಾತ್ರ.

ತಿಂಗಳಿಗೆ ಶೇಕಡಾ 15 ಎಂದರೆ ವರ್ಷಕ್ಕೆ ಸರಳವಾಗಿ ಶೇಕಡಾ 180. ಎಂ-ಶ್ವಾರಿ ಆರಂಭವಾದಾಗ 30 ದಿನಕ್ಕೆ ಇಟ್ಟಿದ್ದ ಶೇಕಡಾ 7.5ರ ಶುಲ್ಕವೂ ವರ್ಷದ ಲೆಕ್ಕದಲ್ಲಿ ಶೇಕಡಾ 90 ಆಗುತ್ತದೆ. ಆದ್ದರಿಂದ ಮಾತುಕತೆಯ ಮೊದಲ ನಿಯಮ ಇದು: ಒಂದು ಸಾಲ ತೀರಿಸಲು ಮತ್ತೊಂದು ಅಲ್ಪಾವಧಿ ಸಾಲ ಮಾಡಬಾರದು. ಹಣವಿಲ್ಲದಿದ್ದರೆ ಮೊದಲನೆಯವರೊಡನೆಯೇ ಮಾತನಾಡಬೇಕು.

ಬಡ್ಡಿ ಎಲ್ಲಿಯವರೆಗೆ ಬೆಳೆಯಬಹುದು? ನಮ್ಮ ಹಳೆಯ ಹಿಂದೂ ಧರ್ಮಶಾಸ್ತ್ರದಲ್ಲಿ 'ದಾಮದುಪ್ಪಟ್' ಎಂಬ ನಿಯಮವಿತ್ತು. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು, ಅಂದರೆ ಒಟ್ಟು ಹಣ ದುಪ್ಪಟ್ಟನ್ನು ದಾಟಬಾರದು ಎಂದು ಅದರ ಅರ್ಥ. ಬ್ರಿಟಿಷರ ಕಾಲದಲ್ಲಿ ಧಾರವಾಡ, ಬೆಳಗಾವಿಗಳು ಸೇರಿದ್ದ ಮುಂಬಯಿ ಪ್ರಾಂತದ ನ್ಯಾಯಾಲಯಗಳೂ ಅದನ್ನು ಮಾನ್ಯ ಮಾಡಿದ್ದವು. ಅದೇ ಬಗೆಯ ನಿಯಮ ರೋಮನ್ ಕಾನೂನಿನ ದಾರಿಯಿಂದ ಕೆನ್ಯಾಕ್ಕೂ ಬಂದಿದೆ. 2022ರ ನಿಯಮಗಳ ಪ್ರಕಾರ, ಒಂದು ಸಾಲ ವಸೂಲಾಗದ ಸಾಲವೆಂದು ವರ್ಗವಾದ ದಿನ ಅಸಲು 10,000 ಬಾಕಿ ಇದ್ದರೆ, ಡಿಜಿಟಲ್ ಸಾಲದಾತರು ಅದರ ಮೇಲೆ ಪಡೆಯಬಹುದಾದ ಬಡ್ಡಿ 10,000ವನ್ನು ಮೀರುವಂತಿಲ್ಲ. ವಸೂಲಿಯ ಖರ್ಚು ಮಾತ್ರ ಬೇರೆ. ಈ ಒಂದು ವಾಕ್ಯ ಗೊತ್ತಿದ್ದರೆ "ನಿಮ್ಮ 10,000 ಈಗ 45,000 ಆಗಿದೆ" ಎಂಬ ಫೋನಿಗೆ ಹೆದರದೆ ಉತ್ತರ ಕೊಡಬಹುದು.

5. ಮಾತುಕತೆಗೆ ಸಿದ್ಧತೆ

ಮಾತುಕತೆ ಎಂದರೆ ಬೇಡುವುದಲ್ಲ, ಜಗಳವೂ ಅಲ್ಲ. ಕೊಡಬೇಕಾದದ್ದನ್ನು ಕೊಡಲು ಇಬ್ಬರಿಗೂ ಆಗುವ ದಾರಿ ಹುಡುಕುವುದು. ಪಡೆದ ಹಣ ಹಿಂದಿರುಗಿಸಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಎಷ್ಟು, ಯಾವಾಗ, ಹೇಗೆ ಎಂಬುದನ್ನು ಮಾತ್ರ ಗೊತ್ತುಮಾಡಬೇಕು.

ಮೊದಲು ಒಂದು ನೋಟುಬುಕ್ಕಿನಲ್ಲಿ ಮನೆಯ ಎಲ್ಲ ಸಾಲಗಳನ್ನೂ ಬರೆಯಿರಿ. ಕಂಪನಿಯ ಹೆಸರು, ಕೈಗೆ ಬಂದ ಅಸಲು, ದಿನಾಂಕ, ವಾಯಿದೆ, ಶುಲ್ಕ, ಇದುವರೆಗೆ ಕಟ್ಟಿದ್ದು, ಬಾಕಿ. ಪುಟ ನೋಡಿ ಎದೆ ಝಲ್ ಎನ್ನಬಹುದು. ಆದರೂ ಬರೆಯದೆ ಇಟ್ಟ ಸಾಲಕ್ಕಿಂತ ಬರೆದ ಸಾಲ ಚಿಕ್ಕದಾಗಿಯೇ ಕಾಣುತ್ತದೆ. ಗಂಡ ಹೆಂಡತಿ ಇಬ್ಬರೂ ಕುಳಿತು ಬರೆಯುವುದು ಒಳ್ಳೆಯದು. ಒಬ್ಬರಿಗೆ ಗೊತ್ತಿಲ್ಲದ ಸಾಲವೇ ಮನೆಯನ್ನು ಹೆಚ್ಚು ಕೆಡಿಸುವುದು.

ಆಮೇಲೆ ತಿಂಗಳ ಆದಾಯ ಖರ್ಚು ಬರೆಯಿರಿ. ಉದಾಹರಣೆಗೆ ಕೈಗೆ ಬರುವ ಸಂಬಳ 62,000. ಬಾಡಿಗೆ 25,000, ಊಟದ ಸಾಮಾನು 16,000, ಮಟಾಟು ಮತ್ತು ಪೆಟ್ರೋಲು 6,000, ಫೀಸಿಗೆ ತೆಗೆದಿಡುವುದು 8,000, ಕರೆಂಟು, ನೀರು, ಫೋನು 3,500. ಒಟ್ಟು ಖರ್ಚು 58,500. ಉಳಿದದ್ದು 3,500. ಹೀಗಿರುವಾಗ ತಿಂಗಳಿಗೆ 3,500 ಕಟ್ಟುತ್ತೇನೆಂದು ಮಾತು ಕೊಡಬಾರದು. 2,500 ಎನ್ನಬೇಕು. ಉಳಿದ 1,000 ಜ್ವರಕ್ಕೋ ಹಳೆಯ ಷೂಗೋ ಬೇಕಾದೀತು. ದೊಡ್ಡ ಕಂತು ಒಪ್ಪಿಕೊಂಡು ಎರಡನೇ ತಿಂಗಳೇ ತಪ್ಪುವುದಕ್ಕಿಂತ ಚಿಕ್ಕ ಕಂತನ್ನು ನಾಲ್ಕು ತಿಂಗಳು ತಪ್ಪದೆ ಕಟ್ಟುವುದು ಮೇಲು.

ಮೂರನೆಯದಾಗಿ, ವಾಯಿದೆಗೆ ಮೊದಲೇ ಮಾತನಾಡಿರಿ. ವಾಯಿದೆ ಮುಗಿದು ದಂಡ ಬಿದ್ದ ಮೇಲೆ ಹೋದರೆ ಅವರ ಕೈ ಮೇಲಾಗುತ್ತದೆ. ಮೊದಲೇ ಹೋದವರನ್ನು ಪ್ರಾಮಾಣಿಕರೆಂದು ನೋಡುತ್ತಾರೆ. ಕಂತು ಮಾಡಿಕೊಂಡರೆ ಪೂರ್ತಿ ಹಣ ಬರುತ್ತದೆ ಎಂಬುದು ಅವರಿಗೂ ಗೊತ್ತು.

6. ಪತ್ರಲೇಖನ

ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ. ಇಂದು ಮಾತನಾಡಿದ ನೌಕರ ನಾಳೆ ಕೆಲಸ ಬಿಟ್ಟಿರಬಹುದು. ಆದ್ದರಿಂದ ಇಮೇಲ್‌ನಲ್ಲೋ ಆಪಿನ ಒಳಗಿನ ಮೆಸೇಜಿನಲ್ಲೋ ಬರೆಯಬೇಕು. ಇಲ್ಲಿ ಪತ್ರ ಇಂಗ್ಲಿಷಿನಲ್ಲಿಯೇ ಹೋಗಬೇಕಾಗುತ್ತದೆ. ಆದರೂ ಮೊದಲು ಕನ್ನಡದಲ್ಲಿ ಬರೆದು ನೋಡಿರಿ. ನಮ್ಮ ಭಾಷೆಯಲ್ಲಿ ವಿಷಯ ಸ್ಪಷ್ಟವಾದರೆ ಇನ್ನೊಂದರಲ್ಲಿ ತಾನಾಗಿ ಸ್ಪಷ್ಟವಾಗುತ್ತದೆ. ಮಾದರಿ ಹೀಗಿದೆ:

ನೈರೋಬಿ,
ಫೆಬ್ರವರಿ 1

ಗೆ,
ವ್ಯವಸ್ಥಾಪಕರು,
(ಕಂಪನಿಯ ಪೂರ್ಣ ಹೆಸರು)

ಮಾನ್ಯರೇ,

ವಿಷಯ: ಸಾಲದ ಬಾಕಿಯನ್ನು ಕಂತುಗಳಲ್ಲಿ ಕಟ್ಟಲು ಅವಕಾಶ ಕೋರಿ.

ಜನವರಿ 5ರಂದು ನಾನು ನಿಮ್ಮಿಂದ 12,000 ಶಿಲ್ಲಿಂಗ್ ಸಾಲ ಪಡೆದಿದ್ದೇನೆ. ಶುಲ್ಕ 1,800 ಸೇರಿ ಫೆಬ್ರವರಿ 4ರೊಳಗೆ 13,800 ಕಟ್ಟಬೇಕಾಗಿದೆ. ಈ ತಿಂಗಳು ಸಂಬಳ ಅರ್ಧ ಮಾತ್ರ ಬಂದಿರುವುದರಿಂದ ಪೂರ್ತಿ ಕಟ್ಟಲು ಆಗುತ್ತಿಲ್ಲ. ಇಂದು 3,800 ಕಟ್ಟಿದ್ದೇನೆ. ಬಾಕಿ 10,000ವನ್ನು ಮಾರ್ಚ್, ಏಪ್ರಿಲ್, ಮೇ, ಜೂನ್ ತಿಂಗಳುಗಳ 5ನೇ ತಾರೀಖು 2,500ರಂತೆ ನಾಲ್ಕು ಕಂತುಗಳಲ್ಲಿ ಕಟ್ಟುತ್ತೇನೆ.

ದಯವಿಟ್ಟು (1) ನನ್ನ ಸಾಲದ ಪೂರ್ಣ ಲೆಕ್ಕವನ್ನು ಕಳುಹಿಸಿಕೊಡಿ. (2) ಕಂತು ಕಟ್ಟುವ ಅವಧಿಯಲ್ಲಿ ದಂಡವನ್ನೂ ಹೆಚ್ಚಿನ ಶುಲ್ಕವನ್ನೂ ನಿಲ್ಲಿಸಿರಿ. (3) ಇದಕ್ಕೆ ಒಪ್ಪಿಗೆಯನ್ನು ಬರಹದಲ್ಲಿ ತಿಳಿಸಿರಿ. (4) ನಿಮ್ಮ ಪರವಾನಗಿಯ ವಿವರವನ್ನು ತಿಳಿಸಿರಿ. ಇನ್ನು ಮುಂದೆ ಈ ವಿಷಯವನ್ನು ನನ್ನೊಡನೆ ಮಾತ್ರ, ಬರಹದ ಮೂಲಕ ನಡೆಸಬೇಕಾಗಿ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
(ಸಹಿ)

ಗಮನಿಸಿರಿ: ಈ ಪತ್ರದಲ್ಲಿ ಅಳು ಇಲ್ಲ, ಕೋಪವಿಲ್ಲ, ಮನೆಯ ಕಷ್ಟದ ಕಥೆ ಒಂದೇ ಸಾಲು. ಉಳಿದದ್ದೆಲ್ಲ ಅಂಕಿ, ತಾರೀಖು, ಕೋರಿಕೆ.

ಅವರು ಫೋನು ಮಾಡಿದರೆ ಕೇಳಿಸಿಕೊಂಡು, ದಿನ, ಹೊತ್ತು, ಮಾತನಾಡಿದವರ ಹೆಸರು ಬರೆದಿಟ್ಟುಕೊಂಡು, "ನಾವು ಈಗ ಮಾತನಾಡಿದ್ದು ಹೀಗೆ" ಎಂದು ಒಂದು ಮೆಸೇಜು ಕಳುಹಿಸಿರಿ. ಕಂತನ್ನು ಕಂಪನಿಯ ಪೇಬಿಲ್ ನಂಬರಿಗೇ ಕಟ್ಟಿರಿ, ನೌಕರನ ಸ್ವಂತ ನಂಬರಿಗೆ ಕಳುಹಿಸಬೇಡಿ. ಎಂ-ಪೆಸಾದ ಉತ್ತರ ಮೆಸೇಜುಗಳನ್ನು ಅಳಿಸಬೇಡಿ. "ಒಂದೇ ಸಲ ಇಷ್ಟು ಕೊಟ್ಟರೆ ಮುಗಿಸಿಬಿಡುತ್ತೇವೆ" ಎಂದರೆ, ಆ ಮೊತ್ತದಿಂದ ಸಾಲ ಪೂರ್ತಿ ಚುಕ್ತಾ ಎಂದು ಬರಹದಲ್ಲಿ ಬಂದ ಮೇಲೆಯೇ ಕಟ್ಟಿರಿ. ಕೊನೆಯ ಕಂತಿನ ನಂತರ ಚುಕ್ತಾ ಪತ್ರ ಕೇಳಿ ಪಡೆಯಿರಿ.

ಸಾಲದ ಚರಿತ್ರೆಯನ್ನು ಇಟ್ಟುಕೊಳ್ಳುವ ಕ್ರೆಡಿಟ್ ರೆಫರೆನ್ಸ್ ಬ್ಯೂರೋಗಳ ದಾಖಲೆಯನ್ನೂ ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಪಡೆಯುವ ಹಕ್ಕು ಕೆನ್ಯಾದಲ್ಲಿದೆ. 1,000 ಶಿಲ್ಲಿಂಗ್ ಮೀರದ ಬಾಕಿಗಾಗಿ ಡಿಜಿಟಲ್ ಸಾಲದಾತರು ಯಾರ ಹೆಸರನ್ನೂ ಅಲ್ಲಿಗೆ ಕಳುಹಿಸುವಂತಿಲ್ಲ.

7. ಬೆದರಿಕೆ ಬಂದರೆ

ಇಂತಹ ಸಾಲದಾತರಲ್ಲಿ ಕೆಲವರ ದೊಡ್ಡ ಆಯುಧ ಕಾನೂನಲ್ಲ, ಮಾನ. "ನಿಮ್ಮ ಆಫೀಸಿಗೆ ಹೇಳುತ್ತೇವೆ, ನಿಮ್ಮ ಸಂಬಂಧಿಕರಿಗೆ ಫೋನು ಮಾಡುತ್ತೇವೆ" ಎಂದರೆ ಸಾಕು, ನಮ್ಮವರು ಎಲ್ಲಿಂದಾದರೂ ತಂದು ಕಟ್ಟುತ್ತಾರೆ. ಊರಿನಿಂದ ದೂರ ಇರುವ ಚಿಕ್ಕ ಸಮುದಾಯದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಹಬ್ಬದ ದಿನ ಎಲ್ಲರ ಮುಖ ನೋಡಬೇಕು. ಈ ಅಂಜಿಕೆಯೇ ಅವರ ಬಂಡವಾಳ.

2022ರ ನಿಯಮಗಳು ಇದಕ್ಕೆ ತಡೆ ಹಾಕಿವೆ. ಬೆದರಿಕೆ, ಹಿಂಸೆ, ಅಶ್ಲೀಲ ಭಾಷೆ ಕೂಡದು. ಸಾಲಗಾರರ ಫೋನಿನಲ್ಲಿರುವ ಇತರರಿಗೆ ಕರೆ ಅಥವಾ ಮೆಸೇಜು ಮಾಡಿ ಕಾಡುವುದು ಕೂಡದು. ಹೆಸರನ್ನು ಸಾರ್ವಜನಿಕವಾಗಿ ಹಾಕಿ ಮಾನ ಕಳೆಯುವುದು ಕೂಡದು.

ಇದಲ್ಲದೆ 2019ರ ದತ್ತಾಂಶ ರಕ್ಷಣಾ ಕಾಯಿದೆಯೂ ಇದೆ. ಅದನ್ನು ಜಾರಿ ಮಾಡುವ ಡೇಟಾ ಪ್ರೊಟೆಕ್ಷನ್ ಕಮಿಷನರ್ ಕಚೇರಿ ಅಪ್ಪರ್ ಹಿಲ್‌ನ ಬ್ರಿಟಾಮ್ ಟವರ್‌ನಲ್ಲಿಯೇ ತೆರೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಆ ಕಚೇರಿ ಕೆಕ್ರೆಡಿಟ್, ಫೇರ್‌ಕ್ಯಾಶ್ ಎಂಬ ಆಪ್‌ಗಳನ್ನು ನಡೆಸುತ್ತಿದ್ದ ಮುಲ್ಲಾ ಪ್ರೈಡ್ ಕಂಪನಿಗೆ 29,75,000 ಶಿಲ್ಲಿಂಗ್ ದಂಡ ಹಾಕಿತು. ಬೇರೆಯವರಿಂದ ಪಡೆದ ಹೆಸರು ಮತ್ತು ನಂಬರುಗಳಿಗೆ ಬೆದರಿಕೆಯ ಮೆಸೇಜು, ಕರೆ ಮಾಡಿದ್ದು ತಪ್ಪೆಂದು ಕಂಡುಬಂದಿತ್ತು. ಜನ ದೂರು ಬರೆದು ಕೊಟ್ಟದ್ದರಿಂದಲೇ ಈ ಕ್ರಮ ಸಾಧ್ಯವಾಯಿತು.

ಬೆದರಿಕೆ ಬಂದರೆ ಮೆಸೇಜಿನ ಚಿತ್ರ ತೆಗೆದಿಡಿ, ಕರೆ ಬಂದ ಹೊತ್ತನ್ನು ಬರೆದಿಡಿ. ಮೊದಲು ಕಂಪನಿಗೇ ದೂರು ಬರೆಯಿರಿ. ಸರಿಹೋಗದಿದ್ದರೆ ಸೆಂಟ್ರಲ್ ಬ್ಯಾಂಕಿಗೆ, ಖಾಸಗಿ ಮಾಹಿತಿಯ ದುರುಪಯೋಗವಾದರೆ ಡೇಟಾ ಕಮಿಷನರ್ ಕಚೇರಿಗೆ ಬರೆಯಿರಿ. "ನಾಳೆ ಪೊಲೀಸರು ಬಂದು ಹಿಡಿಯುತ್ತಾರೆ" ಎಂಬ ಮಾತಿಗೆ ನಡುಗಬೇಡಿ. ಸಾಲ ಬಾಕಿ ಸಿವಿಲ್ ವಿಷಯ, ಅದು ನ್ಯಾಯಾಲಯದ ಮೂಲಕ ನಡೆಯಬೇಕು. 2021ರಲ್ಲಿ ಮಿಲಿಮಾನಿಯಲ್ಲಿ ಆರಂಭವಾದ ಸ್ಮಾಲ್ ಕ್ಲೇಮ್ಸ್ ಕೋರ್ಟು 10 ಲಕ್ಷ ಶಿಲ್ಲಿಂಗ್ ವರೆಗಿನ ಇಂತಹ ವ್ಯಾಜ್ಯಗಳನ್ನು ನೋಡುತ್ತದೆ. ಆದರೆ ನಿಜವಾದ ಕೋರ್ಟಿನ ಕಾಗದ ಬಂದರೆ ಮೂಲೆಗೆ ಹಾಕಬಾರದು. ಹೋಗಿ ಉತ್ತರ ಕೊಡಬೇಕು. ಮನೆಯ ಲೆಕ್ಕ, ಕಳುಹಿಸಿದ ಪತ್ರ, ಎಂ-ಪೆಸಾ ಮೆಸೇಜುಗಳು ಅಲ್ಲಿ ನೆರವಿಗೆ ಬರುತ್ತವೆ. ಪರವಾನಗಿಯೇ ಇಲ್ಲದವರ ಸಾಲವಾಗಿದ್ದರೆ ಅವರು ಕೇಳಿದಷ್ಟು ಕೊಡುವ ಮುನ್ನ ವಕೀಲರನ್ನು ಕೇಳಿರಿ. ಸ್ವಾಹಿಲಿಯಲ್ಲಿಯೂ ಅವರು 'ವಕೀಲಿ'ಯೇ.

8. ಊರಿನಲ್ಲಿರುವವರಿಗೂ ಹೇಳಿ

ನಮ್ಮ ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು ಕರ್ನಾಟಕದಲ್ಲಿದ್ದಾರೆ. ಅಲ್ಲಿಯೂ ಇದೇ ಕಷ್ಟ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಓದಿದ್ದೇವೆ. ಫೆಬ್ರವರಿ 12ರಂದು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಬಂತು, ಮಾರ್ಚ್‌ನಲ್ಲಿ ವಿಧಾನಮಂಡಲ ಅದಕ್ಕೆ ಮಸೂದೆಯ ಒಪ್ಪಿಗೆ ಕೊಟ್ಟಿತು. ರಿಸರ್ವ್ ಬ್ಯಾಂಕು 2025ರ ಜುಲೈನಿಂದ, ತನ್ನ ಅಧೀನದ ಸಂಸ್ಥೆಗಳು ಬಳಸುವ ಸಾಲದ ಆಪ್‌ಗಳ ಪಟ್ಟಿಯನ್ನು ಜಾಲತಾಣದಲ್ಲಿ ಇಟ್ಟಿದೆ. ಊರಿಗೆ ಫೋನು ಮಾಡಿದಾಗ ಮಳೆ ಬೆಳೆಯ ಜೊತೆಗೆ ಈ ಮಾತನ್ನೂ ಹೇಳಿರಿ.

9. ಮಕ್ಕಳಿಗೆ ಎರಡು ಮಾತು

ಮಕ್ಕಳೇ, ಮನೆಯವರ ಸಾಲದ ಬಗ್ಗೆ ಯಾರಾದರೂ ನಿಮಗೆ ಫೋನು ಮಾಡಿದರೆ ನೀವು ಉತ್ತರ ಕೊಡಬೇಕಾಗಿಲ್ಲ. "ಅಪ್ಪ ಅಮ್ಮನಿಗೆ ಬರಹದಲ್ಲಿ ತಿಳಿಸಿ" ಎಂದು ಹೇಳಿ ಇಟ್ಟುಬಿಡಿ, ಆಮೇಲೆ ಮನೆಯಲ್ಲಿ ಹೇಳಿ. ಮನೆಯಲ್ಲಿ ಸಾಲವಿದ್ದರೆ ಅದು ನಿಮ್ಮ ತಪ್ಪಲ್ಲ. ನಿಮ್ಮ ಫೀಸಿನಿಂದ ಹೀಗಾಯಿತು ಎಂದು ಮನಸ್ಸಿನಲ್ಲಿ ಕೊರಗಬೇಡಿ. ಗೆಳೆಯನ ಮನೆಯ ಸಾಲದ ಸುದ್ದಿ ಕಿವಿಗೆ ಬಿದ್ದರೆ ಶಾಲೆಯ ಬಸ್ಸಿನಲ್ಲಿ ಆಡಿಕೊಳ್ಳಬೇಡಿ. ಅಪ್ಪನ ಫೋನಿನಲ್ಲಿ ಆಟಕ್ಕೆಂದು ಗೊತ್ತಿಲ್ಲದ ಆಪು ಹಾಕಬೇಡಿ, ಎಂ-ಪೆಸಾದ ಪಿನ್ ಯಾರಿಗೂ ಹೇಳಬೇಡಿ.

ಅಭ್ಯಾಸ

ಅ) ಈ ಪದಗಳನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ: ವಾಯಿದೆ, ಕಂತು, ಚುಕ್ತಾ, ಪರವಾನಗಿ.

ಆ) 8,000 ಶಿಲ್ಲಿಂಗ್ ಸಾಲಕ್ಕೆ 30 ದಿನಕ್ಕೆ ಶೇಕಡಾ 12 ಶುಲ್ಕವಾದರೆ ವಾಯಿದೆಯ ದಿನ ಎಷ್ಟು ಕೊಡಬೇಕು? ವರ್ಷದ ಸರಳ ದರ ಎಷ್ಟು?

ಇ) ಸಾಲ ವಸೂಲಾಗದ್ದೆಂದು ವರ್ಗವಾದ ದಿನ ಅಸಲು 6,000 ಬಾಕಿ ಇತ್ತು. ದುಪ್ಪಟ್ಟಿನ ನಿಯಮದಂತೆ ಅದರ ಮೇಲೆ ಹೆಚ್ಚೆಂದರೆ ಎಷ್ಟು ಬಡ್ಡಿ ಕೇಳಬಹುದು?

ಈ) ಮೇಲಿನ ಮಾದರಿಯಂತೆ, ಚುಕ್ತಾ ಪತ್ರವನ್ನು ಕೋರಿ ಐದು ವಾಕ್ಯಗಳ ಪತ್ರ ಬರೆಯಿರಿ. ಕನ್ನಡದಲ್ಲಿ ಬರೆದು ಇಂಗ್ಲಿಷಿಗೆ ಭಾಷಾಂತರಿಸಿರಿ.

ಉ) ಪೋಷಕರೊಂದಿಗೆ ಸೆಂಟ್ರಲ್ ಬ್ಯಾಂಕಿನ ಜಾಲತಾಣದ ಪಟ್ಟಿಯನ್ನು ತೆರೆದು, ಫೋನಿಗೆ ಜಾಹೀರಾತು ಬಂದ ಒಂದು ಆಪಿನ ಕಂಪನಿಯ ಹೆಸರು ಅದರಲ್ಲಿದೆಯೇ ಎಂದು ಹುಡುಕಿರಿ.

ಪೋಷಕರಲ್ಲಿ ಒಂದು ವಿನಂತಿ. ಕೊನೆಯ ಪ್ರಶ್ನೆಯನ್ನು ಮಕ್ಕಳಿಗೆ ಮಾತ್ರ ಬಿಡಬೇಡಿರಿ, ಜೊತೆಯಲ್ಲಿ ಕುಳಿತು ಮಾಡಿರಿ. ಸಾಲ ಇದ್ದರೂ ಇಲ್ಲದಿದ್ದರೂ ಅರ್ಧ ಗಂಟೆಯ ಕೆಲಸ. ಪತ್ರ ಬರೆಯಲು ಯಾರಿಗಾದರೂ ಸಹಾಯ ಬೇಕಾದರೆ ಭಾಷಾ ವಿಭಾಗಕ್ಕೆ ಬನ್ನಿರಿ. ಅಂಕಿಗಳನ್ನು ನಾವು ಕೇಳುವುದಿಲ್ಲ, ವಾಕ್ಯಗಳನ್ನು ತಿದ್ದಿಕೊಡುತ್ತೇವೆ.

— ಕನ್ನಡ ಭಾಷಾ ವಿಭಾಗ